ಜಂಗು ಹಿಡಿದಿಟ್ಟ ವಿಷ

1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡ ಸಿ. ಬೀಡನ್ ಶಾಸನ ಹುಡುಕಿಕೊಂಡು ಬಂದವನಲ್ಲ. ಆತ ನಿಜಾಮರ ಸೀಮೆಯಲ್ಲಿದ್ದ ಚಿನ್ನದ ಗಣಿ ಎಂಜಿನಿಯರ್. ಆತನ ಕಣ್ಣಿಗೆ ಬಿದ್ದ ಆ ಸಾಲುಗಳು ಇತಿಹಾಸಕಾರರ ಬಹುದಿನದ ಒಗಟನ್ನು ಬಿಡಿಸಿದವು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ನಾಗಿದ್ದ ಅರಸ ಮಸ್ಕಿಯಲ್ಲಿ ಅಶೋಕ ಎಂಬ ಸ್ವಂತ ಹೆಸರಿನಿಂದಲೇ ಇದ್ದ. ಚರಿತ್ರೆಯ ಪುಸ್ತಕಗಳು ಬೀಡನ್‌ನನ್ನು ಅಲ್ಲಿಗೇ ಬಿಟ್ಟು ಅಶೋಕನ ಬೆನ್ನು ಹತ್ತುತ್ತವೆ. ನೀರಿನ ಕಥೆ ಹೇಳುವವರಿಗೆ ಮಾತ್ರ ಆ ಎಂಜಿನಿಯರನ ಕಸುಬೇ ಮುಖ್ಯ. ಮಸ್ಕಿಯ ನೆಲದಲ್ಲಿ ಚಿನ್ನ ಇರಬಹುದೆಂಬ ಆಸೆ ಹುಟ್ಟಿಸುವ ಬಂಡೆಗಳೇ, ಅದೇ ನೆಲದ ಬೋರ್‌ವೆಲ್‌ಗಳಿಗೆ ಆರ್ಸೆನಿಕ್ ಬಿಡುವ ಬಂಡೆಗಳೂ ಹೌದು.

ಭೂವಿಜ್ಞಾನಿಗಳು ಇದನ್ನು ಹಟ್ಟಿ–ಮಸ್ಕಿ ಶಿಲಾಪಟ್ಟಿ ಎನ್ನುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯ ಕಡೆಗೆ ಕೊಕ್ಕೆಯಾಕಾರದಲ್ಲಿ ಬಾಗಿರುವ, 250 ಕೋಟಿ ವರ್ಷಕ್ಕೂ ಹಳೆಯ ಹಸಿರುಗಪ್ಪು ಕಲ್ಲಿನ ಹರವು ಇದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಅದಿರಿನಿಂದ ನೇರವಾಗಿ ಚಿನ್ನ ತೆಗೆಯುವ ಮುಖ್ಯ ಜಾಗವಾಗಿ ಉಳಿದದ್ದು ಹಟ್ಟಿ. ಇಲ್ಲಿ ಗಣಿಗಾರಿಕೆ ಕಂಪನಿಗಳ ಕಾಲದಲ್ಲಿ ಶುರುವಾದದ್ದಲ್ಲ. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾರ್ಬನ್ ಕಾಲಗಣನೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯುತ್ತದೆ. ಬೆಂಕಿ ಹಚ್ಚಿ ಬಂಡೆ ಕಾಯಿಸಿ, ನೀರೆರಚಿ ಸೀಳುತ್ತ, ಅಂದಿನವರು ನೂರಾರು ಅಡಿ ಆಳಕ್ಕೆ ಇಳಿದಿದ್ದರು.

ಇಲ್ಲಿನ ಚಿನ್ನಕ್ಕೆ ಒಬ್ಬ ಜೊತೆಗಾರನಿದ್ದಾನೆ: ಆರ್ಸೆನೋಪೈರೈಟ್ ಎಂಬ ಬೆಳ್ಳಿ ಬಣ್ಣದ ಖನಿಜ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ ಸಂಯುಕ್ತ ಇದು, ತೂಕದಲ್ಲಿ ಶೇ 46ರಷ್ಟು ಆರ್ಸೆನಿಕ್ಕೇ. ಸುತ್ತಿಗೆಯಿಂದ ಬಡಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಭೂಗರ್ಭದಿಂದ ಮೇಲೇರಿದ ಬಿಸಿ ದ್ರವಗಳು ಚಿನ್ನವನ್ನೂ ಆರ್ಸೆನಿಕ್ಕನ್ನೂ ಒಟ್ಟೊಟ್ಟಿಗೇ ಹೊತ್ತು ತಂದು ಬಂಡೆಯ ಬಿರುಕುಗಳಲ್ಲಿ ಇಳಿಸಿ ಹೋದವು. ಹಾಗಾಗಿ ಚಿನ್ನ ಹುಡುಕುವವರು ಮೊದಲು ಮಣ್ಣಿನಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಅಳೆಯುವ ರೂಢಿ ಜಗತ್ತಿನಾದ್ಯಂತ ಇದೆ. ಗ್ರಾಂ ಲೆಕ್ಕದ ಚಿನ್ನಕ್ಕಿಂತ ಕಿಲೋ ಲೆಕ್ಕದ ವಿಷ ಬೇಗ ಕೈಗೆ ಸಿಗುತ್ತದೆ.

ಆಳದ ಬಂಡೆಯಲ್ಲಿ ಗಾಳಿ ತಾಗದೆ ಕೂತಿರುವವರೆಗೆ ಆರ್ಸೆನೋಪೈರೈಟ್ ಯಾರ ತಂಟೆಗೂ ಬರುವುದಿಲ್ಲ. ಗಣಿಯ ಗಿರಣಿಯಲ್ಲಿ ಅದಿರನ್ನು ನುಣ್ಣಗೆ ಅರೆದು, ಟನ್ನಿಗೆ ಕೆಲವೇ ಗ್ರಾಂನಷ್ಟಿರುವ ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ಗುಡ್ಡೆ ಹಾಕಿದಾಗ ಮಾತು ಬೇರೆಯಾಗುತ್ತದೆ. ಗಾಳಿಯೂ ನೀರೂ ಈಗ ಪ್ರತಿ ಕಣಕ್ಕೆ ತಾಗುತ್ತವೆ. ಗಣಿಯೇ ಇಲ್ಲದ ಕಡೆಯೂ ಬಂಡೆ ಸವೆಯುತ್ತ, ಬಿರುಕುಗಳಲ್ಲಿ ನೀರು ಏರಿಳಿಯುತ್ತ ಇದೇ ಕೆಲಸ ನಿಧಾನವಾಗಿ ನಡೆಯುತ್ತಿರುತ್ತದೆ. ಗಂಧಕ ಆಮ್ಲವಾಗುತ್ತದೆ, ಕಬ್ಬಿಣ ಜಂಗು ಹಿಡಿಯುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ.

ಪೂರ್ತಿ ಇಳಿಯುವುದಿಲ್ಲ ಎಂಬುದೇ ಈ ಕಥೆಯ ತಿರುಳು. ಹೊಸದಾಗಿ ಹುಟ್ಟಿದ ಆ ಜಂಗು ಪಕ್ಕದಲ್ಲೇ ತೇಲುವ ಆರ್ಸೆನಿಕ್ಕಿನ ಬಹುಪಾಲನ್ನು ಹಿಡಿದು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಈ ಹಿಡಿತ ಕೆಲವು ಕಡೆ ಸಡಿಲವಾಗುತ್ತದೆ. ಅರೆಶುಷ್ಕ ಸೀಮೆಯ ನೀರು ಬಂಡೆಗಳ ನಡುವೆ ಬಹುಕಾಲ ನಿಂತು ಕ್ಷಾರೀಯವಾದಂತೆ ಜಂಗಿನ ಮೇಲ್ಮೈಗೆ ಆರ್ಸೆನಿಕ್ ಮೇಲಿನ ಒಲವು ಕಡಿಮೆಯಾಗುತ್ತದೆ, ಕಟ್ಟಿಟ್ಟದ್ದು ಬಿಚ್ಚಿಕೊಳ್ಳುತ್ತದೆ.

ಲಿಂಗಸುಗೂರಿನಿಂದ ಉತ್ತರಕ್ಕೆ, ಕೃಷ್ಣೆಯ ಆಚೆ, ಈಗಿನ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಅದರ ನೆರೆಯ ಕಿರದಳ್ಳಿ ತಾಂಡಾದ ಲಂಬಾಣಿ ಕುಟುಂಬಗಳ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾಗಿ ಚರ್ಮ ದಪ್ಪವಾಗುತ್ತಿತ್ತು, ಎದೆ ಬೆನ್ನುಗಳ ಮೇಲೆ ಮಳೆಹನಿ ಸಿಡಿದಂತೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸೀಮೆಯದ್ದು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ಶೇ 79ರ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಾಟಿತ್ತು, ಒಂದರಲ್ಲಿ ಲೀಟರಿಗೆ 303 ಮೈಕ್ರೋಗ್ರಾಂ ಇತ್ತು. ತಪಾಸಣೆಗೆ ಬಂದ 181 ಮಂದಿಯಲ್ಲಿ ಶೇ 58.6ರಷ್ಟು ಜನರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು. ಸಾಮಾನ್ಯ ಮಣ್ಣಿನಲ್ಲಿ ಅದು ಹತ್ತರ ಆಸುಪಾಸಿನಲ್ಲಿರುತ್ತದೆ.

ಮಿತಿ ಎಂದರೆ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಮೈಮೇಲೆ ಕಾಣಿಸಿಕೊಳ್ಳಲು ಹಲವು ವರ್ಷ ಬೇಕು. ಆ ಹೊತ್ತಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿನ ದಾರಿ ತೆರೆದಿರುತ್ತದೆ. ನೀರು ಕುದಿಸಿದರೆ ಪ್ರಯೋಜನವಿಲ್ಲ, ಉಲ್ಟಾ ನೀರು ಆವಿಯಾಗಿ ವಿಷ ಮತ್ತಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ನೇರಳಾತೀತ ದೀಪದ ಫಿಲ್ಟರ್ ಕೂರಿಸಿದರೂ ಅಷ್ಟೇ.

ಈ ಕಡೆಯ ಜನ ಬೋರಿನ ನೀರಿಗೆ ಒಗ್ಗಿಕೊಂಡದ್ದು ತೀರ ಹಿಂದಿನ ಮಾತಲ್ಲ. ಮೆಟ್ಟಿಲುಬಾವಿಗಿಳಿದು ಕೊಡ ತುಂಬುವ ಕಾಲದಲ್ಲಿ ಉತ್ತರ ಕರ್ನಾಟಕವನ್ನು ಕಾಡುತ್ತಿದ್ದದ್ದು ನಾರುಹುಣ್ಣು. ಕಾಲಿನಿಂದ ದಾರದಂಥ ಹುಳು ಹೊರಬರುವ ಆ ರೋಗವನ್ನು ಓಡಿಸಲು ಯುನಿಸೆಫ್ ನೆರವಿನಿಂದ ಹಳ್ಳಿಹಳ್ಳಿಯಲ್ಲಿ ಬಂಡೆ ಕೊರೆದು ಕೈಪಂಪು ನಿಲ್ಲಿಸಲಾಯಿತು. ಅದು ಗೆದ್ದ ಯುದ್ಧ. 2000ದಲ್ಲಿ ಭಾರತ ನಾರುಹುಣ್ಣುಮುಕ್ತ ಎಂದು ಘೋಷಣೆಯಾಯಿತು. ಕೊರೆದ ರಂಧ್ರಗಳು ಮಾತ್ರ ಕೆಲವು ಕಡೆ ಆರ್ಸೆನೋಪೈರೈಟ್ ಇರುವ ಬಿರುಕುಗಳನ್ನೂ ಮುಟ್ಟಿದ್ದವು. ಬಂಗಾಳದಲ್ಲೂ ಹೀಗೇ ಆಯಿತು. ಕೆರೆನೀರಿನ ಕಾಲರಾ, ಭೇದಿ ತಪ್ಪಿಸಲು ಹಾಕಿದ ಕೊಳವೆಬಾವಿಗಳಿಂದಲೇ ಆರ್ಸೆನಿಕ್ ಬಂತು. ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಾಹಾ 1983ರಲ್ಲಿ ಪಶ್ಚಿಮ ಬಂಗಾಳದ ಮೊದಲ ರೋಗಿಗಳನ್ನು ಗುರುತಿಸಿದರು. ಬಾಂಗ್ಲಾದೇಶದಲ್ಲಿ ಅದು ಮನುಕುಲದ ಚರಿತ್ರೆಯಲ್ಲೇ ದೊಡ್ಡ ಸಾಮೂಹಿಕ ವಿಷಪ್ರಾಶನ ಎನ್ನಿಸಿಕೊಂಡಿತು.

ಮಸ್ಕಿಯ ನೆರೆಯ ಸಿಂಧನೂರಿನವರಿಗೆ ಬಂಗಾಳ ದೂರದ ಮಾತಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳು ಇರುವುದು ಇದೇ ತಾಲ್ಲೂಕಿನಲ್ಲಿ. ಎರಡೂ ಕಡೆ ವಿಷ ಒಂದೇ ಆದರೂ ಅದು ನೀರಿಗಿಳಿದ ಬಗೆ ಬೇರೆ. ಗಂಗೆಯ ಮುಖಜಭೂಮಿಯ ಹೂಳಿನಲ್ಲಿ ಪ್ರತಿ ಮರಳುಕಣದ ಮೇಲೂ ಜಂಗಿನ ಲೇಪವಿದೆ, ಅದರೊಳಗೆ ಆರ್ಸೆನಿಕ್ ಇದೆ. ಕೊಳೆತ ಸಸ್ಯ ಸೇರಿದ ಆ ಹೂಳಿನಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಜಂಗನ್ನೇ ಬಳಸುತ್ತವೆ. ಜಂಗು ಕರಗುತ್ತದೆ, ಒಳಗಿದ್ದದ್ದು ಹೊರಬರುತ್ತದೆ. ಹಟ್ಟಿ–ಮಸ್ಕಿಯ ಬಂಡೆಯಲ್ಲಿ ಮೂಲ ಕಾರಣ ಗಾಳಿ ತಾಗಿದ್ದು, ಬಂಗಾಳದಲ್ಲಿ ಗಾಳಿ ತಾಗದೆ ಹೋದದ್ದು. ನಡುವೆ ನಿಂತ ಕಾವಲುಗಾರ ಮಾತ್ರ ಎರಡೂ ಕಡೆ ಕಬ್ಬಿಣದ ಆಕ್ಸೈಡೇ.

ರಾಯಚೂರು ಮತ್ತು ಯಾದಗಿರಿ ಎರಡೂ ಕೇಂದ್ರ ಅಂತರ್ಜಲ ಮಂಡಳಿಯ ಆರ್ಸೆನಿಕ್ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿವೆ. ಹಾಗೆಂದು ಲಿಂಗಸುಗೂರು, ಮಸ್ಕಿಯ ಎಲ್ಲ ಬೋರುಗಳೂ ವಿಷವೆಂದಲ್ಲ. ಗಟ್ಟಿಶಿಲೆಯಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಒಂದೇ ಓಣಿಯ ಎರಡು ಬೋರುಗಳು ಎರಡು ಬೇರೆ ಬಿರುಕುಗಳಿಂದ ಎಳೆಯುತ್ತಿರಬಹುದು. ಒಂದರಲ್ಲಿ ಆರ್ಸೆನಿಕ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಅಪರೂಪವೇನಲ್ಲ. ಊರಿಗೊಂದು ಮಾದರಿ ತೆಗೆದು ಇಡೀ ಊರಿಗೆ ತೀರ್ಪು ಕೊಡುವ ವಾಡಿಕೆ ಇಲ್ಲಿ ಅಪಾಯಕಾರಿ.

ಈ ವಿಷಕ್ಕೆ ಕಂಡುಕೊಂಡ ಔಷಧದ ಕಥೆ ಶುರುವಾಗುವುದು ಜರ್ಮನಿಯ ಗಟಿಂಗೆನ್‌ನಲ್ಲಿ, 1834ರಲ್ಲಿ. ಪ್ರಯೋಗಾಲಯದ ಬರ್ನರ್‌ನಿಂದ ಎಲ್ಲ ಹೈಸ್ಕೂಲು ಮಕ್ಕಳಿಗೂ ಹೆಸರು ಗೊತ್ತಿರುವ ರಾಬರ್ಟ್ ಬುನ್ಸನ್ ಆಗ 23ರ ತರುಣ. ವೈದ್ಯ ಬೆರ್ತೋಲ್ಡ್ ಜೊತೆಗೂಡಿ ಆತ ಕಂಡುಕೊಂಡದ್ದು ಇಷ್ಟು: ಕಬ್ಬಿಣದ ಲವಣಕ್ಕೆ ಕ್ಷಾರ ಹಾಕಿದಾಗ ತಳಕ್ಕೆ ಇಳಿಯುವ ಕಂದು ಲೋಳೆಯನ್ನು, ಅಂದರೆ ಆಗತಾನೆ ಹುಟ್ಟಿದ ಒದ್ದೆ ಜಂಗನ್ನು, ಪಾಷಾಣ (ಆರ್ಸೆನಿಕ್) ತಿಂದವರಿಗೆ ಕೂಡಲೇ ಕುಡಿಸಿದರೆ ವಿಷ ಅದಕ್ಕೆ ಅಂಟಿಕೊಂಡು ನಿರುಪದ್ರವಿಯಾಗುತ್ತದೆ. ಆ ಕಾಲದ ಯುರೋಪಿನಲ್ಲಿ ಆಸ್ತಿಯ ಆಸೆಗೆ ಪಾಷಾಣ ಹಾಕುವುದು ಎಷ್ಟು ಸಾಮಾನ್ಯವೆಂದರೆ ಈ ಔಷಧ ದಶಕಗಳ ಕಾಲ ಬಳಕೆಯಲ್ಲಿತ್ತು. ಮುಂದೆ ಬುನ್ಸನ್ ಆರ್ಸೆನಿಕ್ಕಿನ ಸಾವಯವ ಸಂಯುಕ್ತಗಳ ಜೊತೆ ಆಟವಾಡುತ್ತ ಸ್ಫೋಟದಲ್ಲಿ ಬಲಗಣ್ಣು ಕಳೆದುಕೊಂಡ, ಅದು ಬೇರೆ ಕಥೆ. ಇಂದು ಮಾರುಕಟ್ಟೆಯಲ್ಲಿರುವ ಕಬ್ಬಿಣ ಆಧಾರಿತ ಆರ್ಸೆನಿಕ್ ಫಿಲ್ಟರುಗಳೆಲ್ಲ ಆ ಕಂದು ಲೋಳೆಯ ಮೊಮ್ಮಕ್ಕಳೇ.

ಅಂಟಿಕೊಳ್ಳುವುದು ಹೇಗೆ? ಆರ್ಸೆನಿಕ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಗಾಳಿಯಾಡುವ ನೀರಿನಲ್ಲಿ ಹೆಚ್ಚಾಗಿ ಆರ್ಸೆನೇಟ್, ಗಾಳಿ ಕಾಣದ ನೀರಿನಲ್ಲಿ ಆರ್ಸೆನೈಟ್. ಆರ್ಸೆನೇಟ್ ಮೇಲೆ ಋಣ ವಿದ್ಯುದಂಶ ಇರುತ್ತದೆ. ಕಬ್ಬಿಣದ ಆಕ್ಸೈಡಿನ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳು. ನೀರಿನ ಪಿಎಚ್ ಸುಮಾರು 8ಕ್ಕಿಂತ ಕೆಳಗಿದ್ದರೆ ಈ ಮೇಲ್ಮೈ ಧನ ವಿದ್ಯುದಂಶ ತಳೆದು ಆರ್ಸೆನೇಟನ್ನು ಹತ್ತಿರ ಸೆಳೆಯುತ್ತದೆ. ಸೆಳೆತವಷ್ಟೇ ಆಗಿದ್ದರೆ ಮುಂದಿನ ಲೋಟ ನೀರಿಗೆ ಅದು ತೊಳೆದು ಹೋಗುತ್ತಿತ್ತು. ಇಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಆರ್ಸೆನೇಟ್ ಹತ್ತಿರ ಬಂದಾಗ ಮೇಲ್ಮೈಯ ಎರಡು ಹೈಡ್ರಾಕ್ಸಿಲ್‌ಗಳು ಜಾಗ ಬಿಡುತ್ತವೆ, ಆರ್ಸೆನೇಟಿನ ಎರಡು ಆಮ್ಲಜನಕಗಳು ಅಕ್ಕಪಕ್ಕದ ಎರಡು ಕಬ್ಬಿಣದ ಪರಮಾಣುಗಳನ್ನು ನೇರವಾಗಿ ಹಿಡಿಯುತ್ತವೆ. ಈ ಎರಡು ಕೈಯ ಹಿಡಿತವನ್ನು 1990ರ ದಶಕದಲ್ಲಿ ಕ್ಷಕಿರಣಗಳ ನೆರವಿನಿಂದ ವಿಜ್ಞಾನಿಗಳು ಗುರುತಿಸಿದರು. ಇದಕ್ಕೆ ಅಧಿಶೋಷಣೆ ಎಂದು ಹೆಸರು. ನಡೆಯುವುದೆಲ್ಲ ಮೇಲ್ಮೈಯಲ್ಲಿ, ಕಣದ ಹೊಟ್ಟೆಯೊಳಕ್ಕಲ್ಲ.

ಮೇಲ್ಮೈಯಲ್ಲೇ ಎಲ್ಲವೂ ನಡೆಯುವುದರಿಂದ ಕಣ ಸಣ್ಣದಾದಷ್ಟೂ ಲಾಭ. ಫೆರಿಹೈಡ್ರೈಟ್ ಎಂಬ ತಾಜಾ ಜಂಗಿನ ಒಂದು ಗ್ರಾಂ ಪುಡಿಯ ಮೇಲ್ಮೈ ವಿಸ್ತೀರ್ಣ 200 ಚದರ ಮೀಟರಿಗೂ ಹೆಚ್ಚು. ಸಿಂಧನೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕಿಲೋ ಪುಡಿಯಲ್ಲಿ ಸುಮಾರು 50 ಎಕರೆ. ಬಾಗಿಲ ಚಿಲಕಕ್ಕೆ ಹಿಡಿದ ಹಳೆಯ ಜಂಗಿಗೆ ಈ ಗುಣ ಬಹಳ ಕಡಿಮೆ. ಫೆರಿಹೈಡ್ರೈಟ್ ಹಾಗೇ ಬಿಟ್ಟರೆ ಕಾಲ ಕಳೆದಂತೆ ಗೋಥೈಟ್, ಹೆಮಟೈಟ್ ಎಂಬ ಗಟ್ಟಿ ಹರಳುಗಳಾಗಿ ಮಾಗುತ್ತದೆ, ಮೇಲ್ಮೈ ಕುಗ್ಗುತ್ತದೆ.

ಆರ್ಸೆನೈಟಿನ ಕಾಟ ಬೇರೆ. ಸಾಮಾನ್ಯ ನೀರಿನ ಪಿಎಚ್‌ನಲ್ಲಿ ಅದಕ್ಕೆ ವಿದ್ಯುದಂಶವೇ ಇಲ್ಲ, ಹಾಗಾಗಿ ಅನೇಕ ಫಿಲ್ಟರುಗಳಿಂದ ಜಾರಿಕೊಳ್ಳುತ್ತದೆ, ಆರ್‌ಒ ಪೊರೆಯಿಂದಲೂ ಆರ್ಸೆನೇಟಿಗಿಂತ ಹೆಚ್ಚು ನುಸುಳುತ್ತದೆ. ವಿಷವೂ ಅದೇ ಹೆಚ್ಚು. ಅದಕ್ಕೆ ಬ್ಲೀಚಿಂಗ್ ಪುಡಿಯಿಂದಲೋ ಮ್ಯಾಂಗನೀಸ್ ಡೈಆಕ್ಸೈಡಿನಿಂದಲೋ ಮೊದಲು ಉತ್ಕರ್ಷಿಸಿ ಆರ್ಸೆನೇಟ್ ಮಾಡಿಕೊಳ್ಳುವುದು ಜಾಣತನ. ಮ್ಯಾಂಗನೀಸ್ ಡೈಆಕ್ಸೈಡ್ ಕೂಡ ಲೋಹದ ಆಕ್ಸೈಡೇ. ಒಂದು ಆಕ್ಸೈಡ್ ವಿಷದ ವೇಷ ಬದಲಿಸುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ.

ಕಬ್ಬಿಣಕ್ಕಿಂತ ಮೊದಲು ಫಿಲ್ಟರಿನ ಲೋಕದಲ್ಲಿ ಮೆರೆದದ್ದು ಸಕ್ರಿಯ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಗುಳಿಗೆಗಳು. ರಾಯಚೂರು ಜಿಲ್ಲೆಗೆ ಅದು ಹೊಸತಲ್ಲ, ಫ್ಲೋರೈಡ್ ತೆಗೆಯಲು ಬಳಸುವುದೂ ಅದನ್ನೇ. ತೊಡಕೆಂದರೆ ಅದಕ್ಕೆ ಹಿತವಾದ ಪಿಎಚ್ 6ರ ಆಸುಪಾಸು, ಈ ಸೀಮೆಯ ಬೋರಿನ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ಒಂದೇ ಬೋರಿನಲ್ಲಿ ಫ್ಲೋರೈಡೂ ಇದ್ದರೆ ಅದೂ ಪಾಲಿಗೆ ಬರುತ್ತದೆ. ಕಬ್ಬಿಣದ ಆಕ್ಸೈಡಿಗೆ ಪಿಎಚ್ ಸಹನೆ ಹೆಚ್ಚು. ಟೈಟಾನಿಯಂ, ಜಿರ್ಕೋನಿಯಂ, ಸೀರಿಯಂ ಆಕ್ಸೈಡುಗಳೂ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಹಳ್ಳಿಯ ಬೆಲೆಗೆ ಎಟಕುವುದು ಕಷ್ಟ. ಖರಗಪುರ ಐಐಟಿಯ ಸಿರ್ಶೇಂದು ದೆ ಇನ್ನೂ ಅಗ್ಗದ ದಾರಿ ಹಿಡಿದರು: ಕಬ್ಬಿಣ, ಅಲ್ಯೂಮಿನಿಯಂ ಎರಡರ ಆಕ್ಸೈಡೂ ಇರುವ ಲ್ಯಾಟರೈಟ್ ಕಲ್ಲನ್ನೇ ಆಮ್ಲ, ಕ್ಷಾರಗಳಲ್ಲಿ ಹದಗೊಳಿಸಿ ಫಿಲ್ಟರ್ ಮಾಡಿದರು. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು ಅದೇ ಜಾತಿಯದ್ದು.

ಪ್ರಯೋಗಾಲಯದ ಬೀಕರಿನಲ್ಲಿ ಗೆದ್ದ ಆಕ್ಸೈಡ್ ಊರಿನ ನೀರಿನಲ್ಲಿ ಸೋಲುವುದಕ್ಕೆ ದೊಡ್ಡ ಕಾರಣ ಫಾಸ್ಫೇಟ್. ಆವರ್ತ ಕೋಷ್ಟಕದಲ್ಲಿ ರಂಜಕದ ನೇರ ಕೆಳಗಿನ ಮನೆ ಆರ್ಸೆನಿಕ್ಕಿನದು, ಫಾಸ್ಫೇಟ್ ಮತ್ತು ಆರ್ಸೆನೇಟಿನ ಆಕಾರ, ವಿದ್ಯುದಂಶ ಹೆಚ್ಚುಕಡಿಮೆ ಒಂದೇ. ಜೀವಕೋಶಗಳು ಮೋಸ ಹೋಗುವುದೂ ಇದರಿಂದಲೇ. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಂತೆ ಫಾಸ್ಫೇಟ್ ಅಯಾನುಗಳು ಆಕ್ಸೈಡಿನ ಮೇಲಿನ ಜಾಗ ಹಿಡಿದುಬಿಡುತ್ತವೆ, ಆರ್ಸೆನೇಟ್ ನಿಂತೇ ಪ್ರಯಾಣಿಸಿ ಫಿಲ್ಟರಿನ ಆಚೆ ಇಳಿಯುತ್ತದೆ. ಬಂಡೆಯಿಂದ ಕರಗಿ ಬರುವ ಸಿಲಿಕೇಟ್ ಕೂಡ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಜರ್ಮನಿಯ ನೀರಿಗೆ ಬರೆದ ಫಿಲ್ಟರ್ ಬಾಳಿಕೆಯ ಅಂಕಿ ಮಸ್ಕಿಯ ಬೋರಿಗೆ ಹೊಂದಬೇಕೆಂದೇನಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಸಿಂಧನೂರಿನ ನೆಲ್ಲಿನ ಗದ್ದೆಗಳಲ್ಲಿ ಇದೇ ರಸಾಯನಶಾಸ್ತ್ರ ಸದ್ದಿಲ್ಲದೆ ನಡೆಯುತ್ತಿರುತ್ತದೆ ಎಂಬುದು ಸ್ವಾರಸ್ಯ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ಮುಗಿದು, ಜಂಗು ಕರಗಿ, ಅದರ ಹಿಡಿತದಲ್ಲಿದ್ದ ಅಷ್ಟಿಷ್ಟು ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಭತ್ತದ ಬೇರು ಸುಮ್ಮನೆ ಕೂರುವುದಿಲ್ಲ. ಎಲೆಯಿಂದ ಕೆಳಗಿಳಿಸಿದ ಆಮ್ಲಜನಕವನ್ನು ಸುತ್ತಲಿನ ಕೆಸರಿಗೆ ಸೂಸಿ, ಕರಗಿದ ಕಬ್ಬಿಣವನ್ನು ಮತ್ತೆ ಜಂಗಾಗಿಸಿ ತನ್ನ ಮೈಗೆ ಲೇಪಿಸಿಕೊಳ್ಳುತ್ತದೆ. ಕಿತ್ತ ಸಸಿಯ ಬೇರು ಕೆಂಗಂದು ಬಣ್ಣಕ್ಕಿರುವುದು ಅದಕ್ಕೇ. ಆ ಲೇಪ ಆರ್ಸೆನಿಕ್ಕಿನ ಒಂದು ಪಾಲನ್ನು ಅಲ್ಲೇ ತಡೆಯುತ್ತದೆ.

ಫಿಲ್ಟರ್ ತಯಾರಕರ ಮುಂದಿರುವ ಎಂಜಿನಿಯರಿಂಗ್ ಪ್ರಶ್ನೆ ಸರಳವಾಗಿ ಹೀಗಿದೆ: ನುಣ್ಣನೆ ಪುಡಿಯೇ ಒಳ್ಳೆಯದು, ಆದರೆ ನುಣ್ಣನೆ ಪುಡಿ ತುಂಬಿದ ಕೊಳವೆಯಲ್ಲಿ ನೀರು ಇಳಿಯುವುದಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2006ರಲ್ಲಿ ತೋರಿಸಿದ ಉಪಾಯ ಚಂದವಿತ್ತು: 12 ನ್ಯಾನೋಮೀಟರ್ ಗಾತ್ರದ ಮ್ಯಾಗ್ನಟೈಟ್ ಕಣಗಳನ್ನು ನೀರಿಗೆ ಬೆರೆಸಿ, ಆರ್ಸೆನಿಕ್ ಅಂಟಿದ ಮೇಲೆ ಸಾಧಾರಣ ಅಯಸ್ಕಾಂತದಿಂದ ಹೊರಗೆಳೆಯುವುದು. ಕೇಳಲು ಸೊಗಸು, ಹಳ್ಳಿಯ ಟ್ಯಾಂಕಿಗೆ ಅಷ್ಟಾಗಿ ಇಳಿಯಲಿಲ್ಲ. ಬಾಂಗ್ಲಾದೇಶ ಮೂಲದ ಅಬುಲ್ ಹುಸ್ಸಾಂ ಅವರ ಸೋನೋ ಫಿಲ್ಟರ್ ಎರಡು ಬಕೆಟ್, ಮರಳು, ಇದ್ದಿಲು, ಇಟ್ಟಿಗೆ ಚೂರು ಮತ್ತು ಸಂಸ್ಕರಿಸಿದ ಕಬ್ಬಿಣದ ತುಣುಕುಗಳಿಂದಾದದ್ದು. ಕಬ್ಬಿಣ ಫಿಲ್ಟರಿನೊಳಗೇ ಜಂಗು ಹಿಡಿಯುತ್ತ ತಾಜಾ ಮೇಲ್ಮೈ ಹುಟ್ಟಿಸುತ್ತ ಹೋಗುತ್ತದೆ. 2007ರಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಪ್ರಶಸ್ತಿ ಬಂತು.

ಮದರಾಸು ಐಐಟಿಯ ಟಿ. ಪ್ರದೀಪ್ ಜಂಗಿನ ವಯಸ್ಸನ್ನೇ ನಿಲ್ಲಿಸುವ ದಾರಿ ಹುಡುಕಿದರು. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್ ಎಂಬ ಪಾಲಿಮರಿನ ಬಲೆಯೊಳಗೆ ಫೆರಿಹೈಡ್ರೈಟಿನ ನ್ಯಾನೋ ಕಣಗಳನ್ನು ಹುಟ್ಟಿಸಿದರೆ ಅವು ಒಂದಕ್ಕೊಂದು ಸೇರಿ ಹರಳಾಗಲು ಜಾಗವೇ ಇರುವುದಿಲ್ಲ. ತಾಜಾತನ ಉಳಿಯುತ್ತದೆ, ಗುಳಿಗೆ ಗಟ್ಟಿಯಾಗಿರುತ್ತದೆ, ನೀರು ಸಲೀಸಾಗಿ ಇಳಿಯುತ್ತದೆ. ತಯಾರಿಕೆಗೆ ಭಾರಿ ಶಾಖ ಬೇಡ, ಶೋಧಿಸಲು ಕರೆಂಟ್ ಬೇಡ. ಅಮೃತ್ ಎಂದು ಹೆಸರಿಟ್ಟ ಈ ತಂತ್ರಜ್ಞಾನ ಹಲವು ರಾಜ್ಯಗಳ ಹಳ್ಳಿಗಳಿಗೆ ಹೋಗಿದೆ.

ಲೆಕ್ಕ ಹಾಕಿ ನೋಡಿದರೆ ಬೇಕಾಗುವ ಪುಡಿ ಬೆರಗಾಗುವಷ್ಟು ಕಡಿಮೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಳ್ಳೋಣ. ಬೋರಿನಲ್ಲಿ ಲೀಟರಿಗೆ 100 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದರೆ ದಿನಕ್ಕೆ 2 ಮಿಲಿಗ್ರಾಂ, ವರ್ಷಕ್ಕೆ 730 ಮಿಲಿಗ್ರಾಂ. ಒಂದು ಗ್ರಾಂ ಅಧಿಶೋಷಕ ಒಂದು ಮಿಲಿಗ್ರಾಂ ಹಿಡಿಯುತ್ತದೆಂದು ಜಿಪುಣತನದಿಂದ ಎಣಿಸಿದರೂ ವರ್ಷಕ್ಕೆ ಮುಕ್ಕಾಲು ಕಿಲೋ ಸಾಕು. ಸ್ನಾನಕ್ಕೆ, ಬಟ್ಟೆಗೆ, ದನಗಳಿಗೆಂದು ಎಲ್ಲ ನೀರನ್ನೂ ಶೋಧಿಸಲು ಹೊರಟರೆ ಮಾತ್ರ ಲೆಕ್ಕ ಕೈ ಮೀರುತ್ತದೆ.

ಹಾಗಿದ್ದರೆ ಸಮಸ್ಯೆ ಎಲ್ಲಿ? ಪಶ್ಚಿಮ ಬಂಗಾಳದ ಬಾರುಯಿಪುರದಲ್ಲಿ 11 ತಯಾರಕರ 18 ಆರ್ಸೆನಿಕ್ ನಿವಾರಣಾ ಘಟಕಗಳನ್ನು ಸುಮಾರು ಎರಡು ವರ್ಷ ಹಿಂಬಾಲಿಸಿದ ಜಾದವಪುರ ತಂಡ 2005ರಲ್ಲಿ ಕೊಟ್ಟ ವರದಿ ಓದಿದರೆ ಉತ್ತರ ಸಿಗುತ್ತದೆ. ಒಂದೇ ಒಂದು ಘಟಕಕ್ಕೂ ನಿರಂತರವಾಗಿ 10 ಮೈಕ್ರೋಗ್ರಾಂ ಮಿತಿಯೊಳಗೆ ನೀರು ಕೊಡಲಾಗಲಿಲ್ಲ. ಅಂದಿನ ಭಾರತೀಯ ಮಿತಿ 50, ಅದರೊಳಗೆ ಉಳಿದವು ಎರಡೇ. ಆಕ್ಸೈಡಿನ ರಸಾಯನಶಾಸ್ತ್ರ ಸುಳ್ಳಾಗಿರಲಿಲ್ಲ. ತೊಳೆಯುವವರಿಲ್ಲ, ಪುಡಿ ಬದಲಿಸುವವರಿಲ್ಲ, ಬಂದ ನೀರನ್ನು ಪರೀಕ್ಷಿಸುವವರಿಲ್ಲ. ಆಕ್ಸೈಡಿನ ಜಾಗ ತುಂಬಿದ ದಿನ ಫಿಲ್ಟರ್ ಕಟ್ಟಿಕೊಳ್ಳುವುದಿಲ್ಲ, ನೀರು ಕೆಂಪಾಗುವುದಿಲ್ಲ. ನಲ್ಲಿ ಮೊದಲಿನಂತೆಯೇ ಸುರಿಯುತ್ತದೆ, ಆದರೆ ಆರ್ಸೆನಿಕ್ ಸಮೇತ. ಅಷ್ಟೇ ಅಲ್ಲ, ಪಿಎಚ್ ಏರಿದರೆ ಹಿಡಿದಿಟ್ಟದ್ದನ್ನೂ ಒಮ್ಮೆಲೇ ಬಿಟ್ಟು ಬೋರಿಗಿಂತ ಕೆಟ್ಟ ನೀರನ್ನೂ ಕೊಡಬಲ್ಲದು. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳ ಗತಿ ನೋಡಿದವರಿಗೆ ಈ ವರದಿ ದೂರದ್ದೆನಿಸುವುದಿಲ್ಲ. ಬೀಗ ಬಿದ್ದ ಘಟಕ ಕನಿಷ್ಠ ಸತ್ಯವನ್ನಾದರೂ ಹೇಳುತ್ತದೆ, ನಡೆಯುತ್ತಿರುವ ಆದರೆ ಪುಡಿ ದಣಿದ ಘಟಕ ಅದನ್ನೂ ಹೇಳುವುದಿಲ್ಲ.

ಇದಕ್ಕೇ ಕೃಷ್ಣೆ, ತುಂಗಭದ್ರೆಯ ನದಿನೀರನ್ನೇ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆಗಳು ಮೊದಲ ಆಯ್ಕೆಯಾಗಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ನದಿನೀರಿನಲ್ಲಿ ಆರ್ಸೆನಿಕ್ ಕಡಿಮೆ. ಆದರೆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಕೆರೆ ತಳ ಕಂಡಾಗ ಜನ ಮರಳುವುದು ಅದೇ ಬೋರಿಗೆ, ಅದೂ ನೀರಿನ ಮಟ್ಟ ಅತ್ಯಂತ ಆಳದಲ್ಲಿರುವ ತಿಂಗಳುಗಳಲ್ಲಿ. ತಾಂಡಾ, ಕ್ಯಾಂಪು, ಹೊಲದ ಮನೆಗಳಿಗೆ ಕೊಳವೆ ಮುಟ್ಟುವುದೂ ಕೊನೆಗೆ. ಅಂಥ ಕಡೆಗೆ ಆಕ್ಸೈಡಿನ ಫಿಲ್ಟರ್ ಬೇಕೇ ಬೇಕು.

ಉಳಿದದ್ದು ದಣಿದ ಪುಡಿಯ ಪ್ರಶ್ನೆ. ಆರ್ಸೆನಿಕ್ ಮೂಲಧಾತು, ಅದನ್ನು ಸುಡಲಾಗದು, ಕೊಳೆಸಲಾಗದು. ಸಾವಿರ ಜನರ ಊರು ತಲಾ 4 ಲೀಟರಿನಂತೆ, ಅದೇ 100 ಮೈಕ್ರೋಗ್ರಾಂ ನೀರನ್ನು ಶೋಧಿಸಿದರೆ ವರ್ಷಕ್ಕೆ 146 ಗ್ರಾಂ ಆರ್ಸೆನಿಕ್ ಕೂಡುತ್ತದೆ. ಒಮ್ಮೆಗೇ ತಿಂದರೆ ನೂರಾರು ಜನರನ್ನು ಕೊಲ್ಲುವಷ್ಟು. ಒಂದೂವರೆ ಕ್ವಿಂಟಲ್ ಕಂದು ಪುಡಿಯಲ್ಲಿ ಹಂಚಿಹೋಗಿರುವ ಅದನ್ನು ತಿಪ್ಪೆಗೆ ಎಸೆದರೆ ಬಂಗಾಳದ ಹೂಳಿನ ಕಥೆ ತಿಪ್ಪೆಯೊಳಗೇ ಮತ್ತೆ ಶುರುವಾಗುತ್ತದೆ: ಕೊಳೆಯುವ ಕಸ, ಮುಗಿಯುವ ಆಮ್ಲಜನಕ, ಕರಗುವ ಜಂಗು, ಇಳಿಯುವ ವಿಷ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ತಂಡವೊಂದು ಈ ತುದಿಯಿಂದಲೇ ಯೋಚಿಸಿತು. 2025ರ ಆರಂಭದಲ್ಲಿ ಸುದ್ದಿಯಾದ ಅವರ ವಿಧಾನಕ್ಕೆ ಮೂರು ಹಂತ. ಕಬ್ಬಿಣ, ಅಲ್ಯೂಮಿನಿಯಂ ಎರಡರ ಹೈಡ್ರಾಕ್ಸೈಡ್ ಬೆರೆಸಿದ ಕೈಟೋಸಾನ್ ಪದರ ಮೊದಲು ಆರ್ಸೆನಿಕ್ ಹಿಡಿಯುತ್ತದೆ, ದಣಿದಾಗ ಕ್ಷಾರದಲ್ಲಿ ತೊಳೆದು ಮತ್ತೆ ಬಳಸಬಹುದು. ಎರಡನೆಯ ಹಂತದಲ್ಲಿ ಪೊರೆಯೊಂದು ಆ ಕ್ಷಾರವನ್ನು ಬೇರ್ಪಡಿಸಿ ಮರುಬಳಕೆಗೆ ಒದಗಿಸುತ್ತದೆ, ಆರ್ಸೆನಿಕ್ ಗಟ್ಟಿ ದ್ರಾವಣವಾಗಿ ಉಳಿಯುತ್ತದೆ. ಮೂರನೆಯದು ನಮ್ಮ ನೆಲಕ್ಕೆ ಹತ್ತಿರದ್ದು: ಹಸುವಿನ ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ಆ ಆರ್ಸೆನಿಕ್ಕಿಗೆ ಮೀಥೈಲ್ ಗುಂಪು ಜೋಡಿಸಿ, ಎಂಟು ದಿನಗಳೊಳಗೆ ಬಹಳ ಕಡಿಮೆ ವಿಷದ ಸಾವಯವ ರೂಪಕ್ಕೆ ತಿರುಗಿಸುತ್ತವೆ. ಬಿಹಾರದ ಭಾಗಲ್ಪುರ, ಕರ್ನಾಟಕದ ಚಿಕ್ಕಬಳ್ಳಾಪುರಗಳ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸುವ ಕೆಲಸ ಆಗ ನಡೆದಿತ್ತು. ಹಟ್ಟಿ–ಮಸ್ಕಿಯ ನೀರಿಗೆ ಇದು ಒಗ್ಗೀತೇ ಎಂದು ನೋಡಲು ಯಾರೂ ತಡಮಾಡಬೇಕಿಲ್ಲ.

ಕೊನೆಗೂ ಒಂದಿಷ್ಟು ಕೆಸರು ಉಳಿಯುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ರಾಜ್ಯದ ಸುಸಜ್ಜಿತ ತಾಣ ಇರುವುದು ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ, ಲಿಂಗಸುಗೂರಿನಿಂದ ನೂರಾರು ಕಿಲೋಮೀಟರ್ ದೂರ. ವರ್ಷಕ್ಕೆ ಎರಡು ಮೂಟೆ ಪುಡಿ ಕಳಿಸಲು ಯಾವ ಪಂಚಾಯಿತಿಯೂ ಲಾರಿ ಮಾಡುವುದಿಲ್ಲ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತ ಬಂಗಾಳದಲ್ಲಿ 1990ರ ದಶಕದ ಕೊನೆಯಿಂದ ನಡೆಸಿದ ಘಟಕಗಳಲ್ಲಿ ಇದಕ್ಕೊಂದು ಸ್ಥಳೀಯ ದಾರಿ ಇತ್ತು. ಹತ್ತಾರು ಊರುಗಳ ದಣಿದ ಗುಳಿಗೆಗಳನ್ನು ಒಂದು ಕಡೆ ತಂದು ಕ್ಷಾರದಲ್ಲಿ ತೊಳೆದು ಊರುಗಳಿಗೆ ವಾಪಸು ಕಳಿಸುವುದು. ತೊಳೆದ ನೀರಿನ ಆರ್ಸೆನಿಕ್ಕನ್ನು ಮತ್ತೆ ಕಬ್ಬಿಣದ ಲವಣ ಹಾಕಿ ಕೆಸರಾಗಿಸಿ, ದಪ್ಪ ಮರಳಿನ ಹಾಸಿನ ಮೇಲೆ ಗಾಳಿಯಾಡುವಂತೆ ಹರಡಿಡುವುದು. ಗಾಳಿಯಾಡುವವರೆಗೆ ಕಬ್ಬಿಣ ಜಂಗಾಗಿಯೇ ಇರುತ್ತದೆ, ಆರ್ಸೆನಿಕ್ ಅದರ ಮೈಮೇಲೆಯೇ ಇರುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರಿಗೆ ಇಂಥದ್ದೊಂದು ಕೇಂದ್ರ ಮಾಡುವುದಾದರೆ ಬೇಕಾಗುವುದು ಮೇಲೆ ತಗಡಿನ ಚಾವಣಿ, ಕೆಳಗೆ ಸೋರದ ಕಾಂಕ್ರೀಟು, ನಡುವೆ ಮರಳು, ಮತ್ತು ತಿಂಗಳಿಗೊಮ್ಮೆ ಕೆಳಗಿನ ಬಸಿನೀರನ್ನು ಪರೀಕ್ಷಿಸಿ ವಹಿಯಲ್ಲಿ ಬರೆದಿಡುವ ಒಬ್ಬ ಸಂಬಳದ ನೌಕರ.